ಬೆಳ್ಳಿಯ ಗಣಿತವನ್ನು ಕನ್ನಡಕ್ಕೆ ತಂದ ಚಿಂತಾಮಣಿ ರಘುನಾಥಾಚಾರ್ಯರು

ಸೂರ್ಯಚಂದ್ರರನ್ನು ಬಿಟ್ಟರೆ ಆಕಾಶದಲ್ಲಿ ಶುಕ್ರನಷ್ಟು ಬೆಳಗುವ ಜ್ಯೋತಿ ಬೇರೊಂದಿಲ್ಲ. ಸಂಸ್ಕೃತದಲ್ಲಿ ಅವನಿಗೆ ಭಾರ್ಗವ, ಉಶನಸ್, ಕವಿ, ದೈತ್ಯಗುರು ಮೊದಲಾದ ಹೆಸರುಗಳು. ಕನ್ನಡದ ಒಕ್ಕಲುಮಕ್ಕಳು ಅವನನ್ನು ಬೆಳ್ಳಿ ಎಂಬ ಒಂದೇ ಮಾತಿನಿಂದ ಕರೆದರು. ಗಡಿಯಾರಗಳು ಮನೆಮನೆಗೆ ಬಾರದ ಕಾಲದಲ್ಲಿ ಮಾದಿಹಳ್ಳಿಯ ಸುತ್ತಿನ ಊರುಗಳಿಂದ ಅರಸೀಕೆರೆ, ಬೇಲೂರುಗಳ ಸಂತೆಗೆ ಗಾಡಿ ಹೂಡುವವರಿಗೆ ಬೆಳ್ಳಿ ಮೂಡುವುದೇ ಹೊರಡುವ ಹೊತ್ತು. ಮದುವೆಯ ಲಗ್ನವನ್ನು ಗೊತ್ತುಮಾಡುವವರಿಗೆ ಶುಕ್ರಮೌಢ್ಯವು ಕಳೆಯಿತೇ ಇಲ್ಲವೇ ಎಂಬುದು ಮೊದಲನೆಯ ವಿಚಾರ. ಆ ಬೆಳ್ಳಿಯ ಬಳಿಗೆ ಭಾರತವು ಈಗ ಒಂದು ನೌಕೆಯನ್ನು ಕಳುಹಿಸಲು ಸಂಕಲ್ಪಿಸಿದೆ. 2024ರ ಸೆಪ್ಟೆಂಬರ್ 18ರಂದು ಕೇಂದ್ರ ಸಚಿವ ಸಂಪುಟವು 1,236 ಕೋಟಿ ರೂಪಾಯಿಗಳ ಈ ಯೋಜನೆಗೆ ಸಮ್ಮತಿಯಿತ್ತು, 2028ರ ಮಾರ್ಚ್ ತಿಂಗಳನ್ನು ಪ್ರಯಾಣಕ್ಕೆ ಗೊತ್ತುಮಾಡಿತು. 1982ರಿಂದ ಉಪಗ್ರಹಗಳ ಪ್ರಧಾನ ನಿಯಂತ್ರಣ ಕೇಂದ್ರವನ್ನು ತಮ್ಮ ಜಿಲ್ಲೆಯಲ್ಲಿಯೇ ಕಂಡಿರುವ ಹಾಸನದವರಿಗೆ ಇಂತಹ ವಾರ್ತೆಯು ಹೊಸತೆನಿಸಲಾರದು. ಆದರೆ ಶುಕ್ರನು ಗಣಿತಕ್ಕೂ ಯಂತ್ರಕ್ಕೂ ಏಕಕಾಲದಲ್ಲಿ ವಿಷಯನಾಗುವ ಒಂದು ಗೋಳವೆಂಬುದನ್ನು ನೂರೈವತ್ತು ವರ್ಷಗಳ ಹಿಂದೆಯೇ, 1874ರಲ್ಲಿ, ಕನ್ನಡದ ಓದುಗರ ಮುಂದೆ ಅಚ್ಚಿನಲ್ಲಿ ಇಟ್ಟ ಒಬ್ಬ ಪಂಚಾಂಗಕರ್ತರಿದ್ದರು. ಅವರೇ ಮದರಾಸಿನ ವೇಧಶಾಲೆಯ ಚಿಂತಾಮಣಿ ರಘುನಾಥಾಚಾರ್ಯರು.

ಆಚಾರ್ಯರು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಮೂರನೆಯ ದಶಕದಲ್ಲಿ, ಪಂಚಾಂಗ ಗಣಿತವನ್ನೇ ವೃತ್ತಿಯಾಗಿ ಉಳ್ಳ ಮನೆತನದಲ್ಲಿ. ಅಂತಹ ಮನೆಗಳಲ್ಲಿ ಬಾಲಕನು ಅಕ್ಷರಾಭ್ಯಾಸದ ಬೆನ್ನಲ್ಲಿಯೇ ಕವಡೆಗಳನ್ನು ಹರವಿಕೊಂಡು ಅಹರ್ಗಣ ಮಾಡುವುದನ್ನು ಕಲಿಯುತ್ತಿದ್ದನು. ಚಂದ್ರವಾಕ್ಯಗಳು ಬಾಯಿಗೆ ಬರುತ್ತಿದ್ದುವು. ಅವುಗಳ ಉಪಪತ್ತಿ ಏನೆಂದು ಕೇಳುವ ಪದ್ಧತಿ ಮಾತ್ರ ವಿರಳವಾಗಿತ್ತು. ತಂದೆ ಕೂಡಿಸಿದಂತೆ ಮಗ ಕೂಡಿಸಿದನು, ಗುರು ಕಳೆದಂತೆ ಶಿಷ್ಯ ಕಳೆದನು. ಈ ವಿದ್ಯೆಯನ್ನು ಹೊತ್ತುಕೊಂಡೇ ಅವರು ತಾರುಣ್ಯದಲ್ಲಿ ಮದರಾಸಿನ ವೇಧಶಾಲೆಯ ಸಹಾಯಕ ವರ್ಗವನ್ನು ಸೇರಿದರು.

ಆ ವೇಧಶಾಲೆಯ ಪರಿಚಯವು ಇಲ್ಲಿ ಸ್ವಲ್ಪ ಅಗತ್ಯ. ವಿಲಿಯಂ ಪೆಟ್ರಿ ಎಂಬ ಕಂಪನಿಯ ಅಧಿಕಾರಿ 1786ರಲ್ಲಿ ಎಗ್ಮೂರಿನ ತನ್ನ ಮನೆಯಲ್ಲಿ ಆರಂಭಿಸಿದ್ದ ನಕ್ಷತ್ರವೀಕ್ಷಣೆಗೆ ಈಸ್ಟ್ ಇಂಡಿಯಾ ಕಂಪನಿಯವರು ನುಂಗಂಬಾಕ್ಕದಲ್ಲಿ ಕಟ್ಟಡ ಕಟ್ಟಿಸಿಕೊಟ್ಟುದು 1792ರಲ್ಲಿ. ಹಡಗುಗಳ ಸಂಚಾರಕ್ಕೂ ನೆಲದ ಅಳತೆಗೂ ಕಾಲ ಮತ್ತು ರೇಖಾಂಶಗಳು ಬೇಕಾಗಿದ್ದುದೇ ಇದರ ಕಾರಣ. ಜ್ಯೋತಿಶ್ಶಾಸ್ತ್ರದ ಮೇಲಣ ಪ್ರೀತಿ ಮುಖ್ಯವಾಗಿರಲಿಲ್ಲ. ಯಂತ್ರವನ್ನು ಹೊತ್ತಿದ್ದ ಕಗ್ಗಲ್ಲಿನ ದೊಡ್ಡ ಕಂಬವು ಇಂದಿಗೂ ಆ ಸ್ಥಳದಲ್ಲಿ, ಹವಾಮಾನ ಇಲಾಖೆಯ ಆವರಣದೊಳಗೆ, ನಿಂತಿದೆ. ಸಂಸ್ಥೆಯ ಆಡಳಿತವೆಲ್ಲವೂ ಯೂರೋಪಿಯನ್ನರ ಕೈಯಲ್ಲಿ; ರಾತ್ರಿ ಜಾಗರಣೆಯ ಬಹುಭಾಗ ದೇಶೀಯ ಸಹಾಯಕರ ಪಾಲಿಗೆ. 1861ರಲ್ಲಿ ನಾರ್ಮನ್ ಪೊಗ್ಸನ್ ಮುಖ್ಯಾಧಿಕಾರಿಯಾಗಿ ಬಂದಾಗ ರಘುನಾಥಾಚಾರ್ಯರು ಅನುಭವಿಗಳಾಗಿದ್ದರು. ಕ್ರಮೇಣ ಮೊದಲನೆಯ ಸಹಾಯಕರ ಸ್ಥಾನಕ್ಕೆ ಏರಿದರು. ಇಂಡಿಯನ್ನನಿಗೆ ಅಲ್ಲಿ ದೊರೆಯುತ್ತಿದ್ದ ಅತ್ಯುನ್ನತ ಸ್ಥಾನ ಅಷ್ಟೇ.

1862ರಿಂದ ಹೊಸ ಯಾಮ್ಯೋತ್ತರ ಯಂತ್ರದಲ್ಲಿ ನಕ್ಷತ್ರಗಳ ಸ್ಥಾನನಿರ್ಣಯವು ಮೊದಲಾಯಿತು. ಆ ಕೆಲಸದ ಸ್ವರೂಪವನ್ನು ತಿಳಿಯದವರಿಗೆ ಅದರ ಬೇಸರವೂ ತಿಳಿಯದು. ದೂರದರ್ಶಕವು ದಕ್ಷಿಣೋತ್ತರ ರೇಖೆಯಲ್ಲಿ ಮಾತ್ರ ತಿರುಗುತ್ತದೆ. ನಕ್ಷತ್ರವು ತನ್ನಷ್ಟಕ್ಕೆ ಬಂದು ಕಣ್ಣಿನ ಮುಂದಿರುವ ಜೇಡರಬಲೆಯಂತಹ ಎಳೆಗಳನ್ನು ದಾಟುವಾಗ ಆ ಕ್ಷಣವನ್ನು ಹಿಡಿಯಬೇಕು. ಬಳಿಕ ವೃತ್ತದ ಮೇಲಿನ ಅಂಶ, ಕಲೆ, ವಿಕಲೆಗಳನ್ನು ಓದಬೇಕು. ಹಗಲಿನಲ್ಲಿ ಕುಳಿತು ಲೆಕ್ಕವನ್ನು ಶೋಧಿಸಬೇಕು. ಹೀಗೆ ಒಂದಲ್ಲ ಎರಡಲ್ಲ, ಸಹಸ್ರಾರು ವೇಧಗಳು ಆಚಾರ್ಯರ ಕಣ್ಣಿನಿಂದ ನಡೆದುವು. ಇವುಗಳಿಂದ ಸಿದ್ಧವಾದ ಐದು ಸಾವಿರಕ್ಕೂ ಮಿಕ್ಕ ತಾರೆಗಳ ಪಟ್ಟಿಯು ಅವರು ತೀರಿಕೊಂಡ ಬಹುಕಾಲದ ಮೇಲೆ ಅಚ್ಚಾಯಿತು.

ಈ ನಿತ್ಯದ ದುಡಿಮೆಯ ನಡುವೆ 1867ರಲ್ಲಿ ಅವರಿಗೊಂದು ಶೋಧವು ಲಭಿಸಿತು. ರೆಟಿಕ್ಯುಲಮ್, ಎಂದರೆ ಜಾಲ, ಎಂಬ ಹೆಸರಿನ ತಾರಾಪುಂಜವು ದಕ್ಷಿಣ ಧ್ರುವದ ಕಡೆಗೆ ಬಹಳ ಸರಿದಿರುವುದು; ಮದರಾಸಿನಿಂದ ನೋಡಿದರೆ ದಿಗಂತದಿಂದ ಹದಿನಾಲ್ಕು ಅಂಶಗಳಷ್ಟು ಮೇಲಕ್ಕೆ ಬಂದು ಮತ್ತೆ ಇಳಿದುಹೋಗುವುದು. ಅಲ್ಲಿಯ ಒಂದು ತಾರೆಯ ಕಾಂತಿಯು ಒಂದೇ ಸಮನಾಗಿಲ್ಲವೆಂದು ಆಚಾರ್ಯರು ಕಂಡುಕೊಂಡರು. ಆರ್ ರೆಟಿಕ್ಯುಲಿ ಎಂದು ಹೆಸರಾದ ಈ ವಿಕಾರಿ ತಾರೆಯು ಸುಮಾರು ಒಂಬತ್ತು ತಿಂಗಳಿಗೊಮ್ಮೆ ಬೆಳಗಿ, ನಡುವೆ ಸಾಧಾರಣ ದೂರದರ್ಶಕಕ್ಕೂ ಕಾಣದಷ್ಟು ಮಂಕಾಗುತ್ತದೆ. ಆಧುನಿಕ ಖಗೋಳವಿದ್ಯೆಯಲ್ಲಿ ಭಾರತೀಯನೊಬ್ಬನ ಹೆಸರಿಗೆ ದಾಖಲಾದ ಮೊದಲ ಶೋಧಗಳಲ್ಲಿ ಇದೂ ಒಂದು. 1872ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿಯು ಅವರನ್ನು ಫೆಲೋ ಆಗಿ ಆರಿಸಿಕೊಂಡಿತು.

ಗ್ರಹಣಗಳ ವೀಕ್ಷಣೆಯಲ್ಲಿಯೂ ಅವರಿಗೆ ಜವಾಬ್ದಾರಿಯ ಪಾಲು ದೊರೆಯಿತು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವು ವಿಜ್ಞಾನದ ಇತಿಹಾಸದಲ್ಲಿ ಪ್ರಸಿದ್ಧವಾದದ್ದು. ಅಂದು ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ಮಚಲೀಪಟ್ಟಣದಲ್ಲಿ ಪೊಗ್ಸನ್, ಕರ್ನಾಟಕದ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಯಂತ್ರಗಳನ್ನು ಹೂಡಿದ್ದರು; ಮುಂದೆ ಹೀಲಿಯಂ ಎಂದು ಹೆಸರಾದ ಧಾತುವಿನ ಹಳದಿ ರೇಖೆಯು ಮನುಷ್ಯರ ಕಣ್ಣಿಗೆ ಬಿದ್ದದ್ದು ಆ ಗ್ರಹಣದಲ್ಲಿ. ಮದರಾಸು ವೇಧಶಾಲೆಯ ಇನ್ನೊಂದು ತಂಡವನ್ನು ಕಟ್ಟಿಕೊಂಡು ನಿಜಾಮರ ಸೀಮೆಯ ವನಪರ್ತಿಗೆ ಹೋದವರು ರಘುನಾಥಾಚಾರ್ಯರು. 1871ರ ಡಿಸೆಂಬರ್ 12ರ ಗ್ರಹಣಕ್ಕೆ ಅವರು ಕೊಯಮತ್ತೂರು ಸೀಮೆಯ ಅವಿನಾಶಿಯಲ್ಲಿದ್ದರು. ಅದೇ ಗ್ರಹಣವನ್ನು ನೋಡಲು ಇಂಗ್ಲೆಂಡಿನ ಲಾಕ್ಯರ್ ಕಾಸರಗೋಡಿನ ಬೇಕಲ ಕೋಟೆಗೆ ಬಂದಿದ್ದನು.

ಇಷ್ಟೇ ಆಗಿದ್ದರೆ ಆಚಾರ್ಯರು ಸಮರ್ಥರಾದ ಸರ್ಕಾರಿ ನೌಕರರೆಂದು ಎನಿಸಿಕೊಂಡು ಮರೆಯಾಗುತ್ತಿದ್ದರು. ಅವರ ಬಾಳಿನ ನಿಜವಾದ ಹೋರಾಟವು ವೇಧಶಾಲೆಯ ಹೊರಗೆ, ತಮ್ಮವರೇ ಆದ ಪಂಚಾಂಗಕರ್ತರ ನಡುವೆ ನಡೆಯಿತು. ಹಗಲು ಕೈಯಲ್ಲಿ ಹಿಡಿದ ಪಂಚಾಂಗವು ಗ್ರಹವು ಇಂತಹ ರಾಶಿಯ ಇಂತಹ ಅಂಶದಲ್ಲಿದೆ ಎನ್ನುವುದು. ರಾತ್ರಿ ಯಂತ್ರಕ್ಕೆ ಕಣ್ಣಿಟ್ಟರೆ ಅದು ಬೇರೆ ಕಡೆ ಇರುವುದು. ಒಂದೇ ಮನುಷ್ಯನ ಎರಡು ಕಣ್ಣುಗಳು ಎರಡು ಆಕಾಶಗಳನ್ನು ಕಂಡಂತೆ ಆಯಿತು. ಈ ವ್ಯತ್ಯಾಸಕ್ಕೆ ಕಾರಣವೇನೋ ಗೂಢವಲ್ಲ. ಸೂರ್ಯಸಿದ್ಧಾಂತದ ವರ್ಷಮಾನವು ನಿಜವಾದ ನಾಕ್ಷತ್ರ ವರ್ಷಕ್ಕಿಂತ ಸುಮಾರು ಮೂರೂವರೆ ನಿಮಿಷ ದೀರ್ಘ. ಒಂದು ವರ್ಷಕ್ಕೆ ಇದು ಲೆಕ್ಕಕ್ಕೆ ಬಾರದ ಅಂತರ. ಸಾವಿರ ವರ್ಷಕ್ಕೆ ಎರಡು ದಿನಗಳನ್ನು ಮೀರುತ್ತದೆ. ಚಂದ್ರನಿಗೆ ಸಿದ್ಧಾಂತಗಳು ಹೇಳಿದ ಮಂದಸಂಸ್ಕಾರದ ಹೊರತಾಗಿ ಇನ್ನೂ ಹಲವು ಸಂಸ್ಕಾರಗಳು ಬೇಕೆಂಬುದು ವೇಧದಿಂದ ತಿಳಿದಿತ್ತು. ಅವುಗಳನ್ನು ಬಿಟ್ಟರೆ ತಿಥಿಯ ಅಂತ್ಯವು ಹಲವು ಘಳಿಗೆಗಳಷ್ಟು ಆಚೀಚೆಯಾಗುತ್ತದೆ. ಏಕಾದಶಿಯ ಉಪವಾಸವಾಗಲಿ, ತಂದೆತಾಯಿಗಳ ಶ್ರಾದ್ಧವಾಗಲಿ ತಿಥಿಯನ್ನೇ ಅವಲಂಬಿಸಿರುವ ಜನಕ್ಕೆ ಇದು ವಿದ್ವಾಂಸರ ವಿನೋದವಲ್ಲ.

ಆಚಾರ್ಯರು ನಾವಿಕರ ಉಪಯೋಗಕ್ಕಾಗಿ ಇಂಗ್ಲೆಂಡಿನಲ್ಲಿ ಪ್ರಕಟವಾಗುತ್ತಿದ್ದ ನಾಟಿಕಲ್ ಆಲ್ಮನ್ಯಾಕಿನ ಗ್ರಹಸ್ಥಿತಿಯನ್ನು ಆಧಾರವಾಗಿಟ್ಟುಕೊಂಡು ದೃಗ್ಗಣಿತ ಪಂಚಾಂಗವನ್ನು ಹೊರಡಿಸತೊಡಗಿದರು. ದೃಷ್ಟಿಗೂ ಗಣಿತಕ್ಕೂ ಹೊಂದಿಕೆಯಿರಬೇಕೆಂಬುದು ಅವರು ಹೊಸದಾಗಿ ಕಂಡುಹಿಡಿದ ತತ್ತ್ವವೇನೂ ಅಲ್ಲ. ಕೇರಳದ ಪರಮೇಶ್ವರನು ಗ್ರಹಣಗಳನ್ನು ಬಹುವರ್ಷ ನೋಡಿ 1431ರಲ್ಲಿಯೇ ದೃಗ್ಗಣಿತವೆಂಬ ಗ್ರಂಥವನ್ನು ರಚಿಸಿದ್ದನು. ಬೀಜಸಂಸ್ಕಾರವೆಂಬ ಮಾತು ಸಿದ್ಧಾಂತಿಗಳೆಲ್ಲರಿಗೂ ಪರಿಚಿತವಾದದ್ದೇ. ಆದರೂ ವಿರೋಧವು ಬಲವಾಗಿತ್ತು, ಮತ್ತು ಆ ವಿರೋಧವನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ತಿಥಿಯು ಅರುವತ್ತೈದು ಘಳಿಗೆಗಿಂತ ಬೆಳೆಯದು, ಐವತ್ತನಾಲ್ಕಕ್ಕಿಂತ ಕುಗ್ಗದು ಎಂಬ ಮಿತಿಯನ್ನು ನಂಬಿಯೇ ಧರ್ಮಶಾಸ್ತ್ರದ ನಿರ್ಣಯಗ್ರಂಥಗಳು ವ್ರತಗಳ ಕಾಲವನ್ನು ವಿಧಿಸಿದ್ದುವು. ದೃಗ್ಗಣಿತದಲ್ಲಿ ತಿಥಿಯು ಅರುವತ್ತೇಳು ಘಳಿಗೆಯವರೆಗೂ ಬೆಳೆಯುತ್ತದೆ, ಐವತ್ತರವರೆಗೂ ಕುಗ್ಗುತ್ತದೆ. ಹಾಗಾದರೆ ವಿಧಿಗಳನ್ನು ಯಾವುದಕ್ಕೆ ಹೊಂದಿಸಬೇಕು? ಗಣಿತವನ್ನು ತಿದ್ದಿದವರು ಧರ್ಮವನ್ನೂ ತಿದ್ದಬೇಕಾಗುವುದಲ್ಲವೇ ಎಂಬುದು ಹಿರಿಯ ಪಂಡಿತರ ಶಂಕೆ. ಗ್ರಹಣಕ್ಕೆ ಮಾತ್ರ ದೃಗ್ಗಣಿತ, ತಿಥಿಗೆ ಹಳೆಯ ಗಣಿತ ಎಂದು ನಡುದಾರಿ ಹಿಡಿದವರೂ ಉಂಟು. ಗ್ರಹಣದ ಸ್ಪರ್ಶಮೋಕ್ಷಗಳನ್ನು ಊರಿನವರೆಲ್ಲರೂ ಕಣ್ಣಾರೆ ಕಾಣುತ್ತಾರೆ, ತಿಥಿಯ ಅಂತ್ಯವನ್ನು ಯಾರೂ ಕಾಣರು. ನಡುದಾರಿಯ ಅನುಕೂಲವು ಇದರಲ್ಲಿಯೇ ಇದೆ. ಆಚಾರ್ಯರಿಗೆ ಈ ಅನುಕೂಲವು ಒಪ್ಪಿಗೆಯಾಗಲಿಲ್ಲ.

ತಮ್ಮ ಪಕ್ಷವನ್ನು ಜನರ ಮುಂದಿಡಲು ಅವರಿಗೆ ಆಕಾಶವೇ ಒಂದು ಸಂದರ್ಭವನ್ನು ಒದಗಿಸಿತು. 1874ರ ಡಿಸೆಂಬರ್ 9ರಂದು ಬೆಳಗಿನಿಂದ ಮಧ್ಯಾಹ್ನದ ಮುಂಚಿನವರೆಗೆ ಶುಕ್ರನು ಸೂರ್ಯಬಿಂಬದ ಮೇಲೆ ಹಾದುಹೋಗುವನೆಂದು ಗಣಿತವು ತಿಳಿಸಿತ್ತು. ಶುಕ್ರನು ವಕ್ರಗತಿಯಲ್ಲಿ ಸೂರ್ಯನೊಡನೆ ಕೂಡುವುದು ಸುಮಾರು 584 ದಿನಗಳಿಗೊಮ್ಮೆ ನಡೆಯುವ ಸಂಗತಿ. ಆದರೆ ಅವನ ಮಾರ್ಗವು ಭೂಮಿಯ ಮಾರ್ಗಕ್ಕೆ ಮೂರು ಅಂಶಗಳಿಗಿಂತ ತುಸು ಹೆಚ್ಚಾಗಿ ಓರೆಯಾಗಿರುವುದರಿಂದ ಸಾಮಾನ್ಯವಾಗಿ ಬಿಂಬದ ಮೇಲಕ್ಕೋ ಕೆಳಕ್ಕೋ ಸರಿದುಹೋಗುತ್ತಾನೆ. ಅಂತಹ ಯೋಗವು ಪಾತಸ್ಥಾನದ ಬಳಿಯಲ್ಲಿಯೇ ಒದಗಿದಾಗ ಸೂರ್ಯನ ಮೇಲೆ, ಬಿಂಬದ ಮೂವತ್ತನೆಯ ಒಂದು ಪಾಲಿನಷ್ಟು ಅಗಲದ, ಒಂದು ಕರಿಯ ಬೊಟ್ಟು ಕಾಣುತ್ತದೆ. ಎಂಟು ವರ್ಷಗಳ ಅಂತರದಲ್ಲಿ ಎರಡು ಬಾರಿ ಹೀಗಾಗಿ, ಮತ್ತೆ ನೂರು ವರ್ಷಗಳಿಗೂ ಹೆಚ್ಚು ಕಾಲ ಆಗುವುದಿಲ್ಲ. ಅದಕ್ಕೆ ಹಿಂದಿನ ಜೋಡಿ 1761 ಮತ್ತು 1769ರದು. ಆ ಎರಡನ್ನೂ ನೋಡಲು ಫ್ರಾನ್ಸಿನಿಂದ ಪುದುಚೇರಿಗೆ ಹೊರಟ ಲ ಜಾಂಟಿಯನ ಕಥೆಯು ಯಾರ ಮನಸ್ಸನ್ನೂ ಕರಗಿಸುವಂತಹದು. ಮೊದಲ ಸಲ ಪುದುಚೇರಿಯು ಇಂಗ್ಲಿಷರ ವಶವಾಗಿ ಅವನು ಸಮುದ್ರದ ನಡುವೆ ಉಳಿದನು. ಪೂರ್ವದೇಶಗಳಲ್ಲಿಯೇ ಎಂಟು ವರ್ಷ ಕಾದು ಎರಡನೆಯ ಸಲ ಪುದುಚೇರಿಯಲ್ಲಿ ಯಂತ್ರಗಳನ್ನು ಸಿದ್ಧಪಡಿಸಿಕೊಂಡು ಕುಳಿತಾಗ ಆ ಬೆಳಿಗ್ಗೆ ಮೋಡ ಕವಿಯಿತು. ಕಾದ ಕಾಲದಲ್ಲಿ ತಮಿಳು ಜ್ಯೋತಿಷಿಯೊಬ್ಬನಿಂದ ಗ್ರಹಣಗಣಿತವನ್ನು ಕಲಿತದ್ದೇ ಅವನಿಗೆ ದಕ್ಕಿದ ಲಾಭ.

ಇಷ್ಟು ಶ್ರಮವೇಕೆಂದರೆ, ಸೂರ್ಯನ ದೂರವನ್ನು ಅಳೆಯಲು ಆ ಕಾಲಕ್ಕೆ ಇದೇ ಶ್ರೇಷ್ಠವಾದ ಉಪಾಯ. ಭೂಮಿಯ ಮೇಲೆ ದೂರದೂರವಾದ ಎರಡು ಸ್ಥಳಗಳಿಂದ ನೋಡಿದರೆ ಶುಕ್ರನು ಬಿಂಬವನ್ನು ದಾಟುವ ರೇಖೆ ಬೇರೆ, ದಾಟಲು ಹಿಡಿಯುವ ಕಾಲವೂ ಬೇರೆ. ಆ ಅಂತರದಿಂದ ಲಂಬನ, ಲಂಬನದಿಂದ ದೂರ. 1716ರಲ್ಲಿ ಹ್ಯಾಲಿಯು ಪ್ರತಿಪಾದಿಸಿದ ಮಾರ್ಗವಿದು. ಸೂರ್ಯಸಿದ್ಧಾಂತದಲ್ಲಿ ರವಿಯ ಕಕ್ಷೆಯು 43,31,500 ಯೋಜನ, ಭೂಮಿಯ ವ್ಯಾಸ 1,600 ಯೋಜನ; ಕೂಡಿಸಿ ನೋಡಿದರೆ ಸೂರ್ಯನ ದೂರವು ಭೂವ್ಯಾಸಾರ್ಧದ ಸುಮಾರು 860 ಪಟ್ಟು. ನಿಜವಾದದ್ದು ಸುಮಾರು 23,500 ಪಟ್ಟು, ಎಂದರೆ ಹದಿನೈದು ಕೋಟಿ ಕಿಲೋಮೀಟರಿಗೆ ಹತ್ತಿರ. ಹಳೆಯ ಗಣಿತವು ಗ್ರಹಗಳ ದಿಕ್ಕನ್ನು ಅಷ್ಟು ಸೂಕ್ಷ್ಮವಾಗಿ ಹಿಡಿದಿದ್ದರೂ ದೂರವನ್ನು ಹಿಡಿಯಲಾರದೆ ಹೋದುದು ಏಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ: ಸೂರ್ಯನ ಲಂಬನವು ಬರಿಗಣ್ಣಿನ ವೇಧಕ್ಕೆ ಸಿಕ್ಕುವ ಪ್ರಮಾಣದ್ದಲ್ಲ.

ಈ ಯೋಗವನ್ನು ಕುರಿತು ಆಚಾರ್ಯರು 1874ರಲ್ಲಿ ಒಂದು ಪುಸ್ತಿಕೆಯನ್ನು ಬರೆದು ಇಂಗ್ಲಿಷಿನಲ್ಲಿಯೂ ತಮಿಳು, ಕನ್ನಡ, ಉರ್ದು ಮೊದಲಾದ ಭಾಷೆಗಳಲ್ಲಿಯೂ ಹೊರಡಿಸಿದರು. ಗಂಭೀರವಾದ ಖಗೋಳ ವಿಷಯವು ಇಂಗ್ಲಿಷಿನಲ್ಲಿ ಮಾತ್ರ ಇರತಕ್ಕದ್ದೆಂದು ಅಧಿಕಾರಿಗಳೂ, ಸಂಸ್ಕೃತದಲ್ಲಿ ಮಾತ್ರ ಇರತಕ್ಕದ್ದೆಂದು ಪಂಡಿತರೂ ಭಾವಿಸುತ್ತಿದ್ದ ಕಾಲದಲ್ಲಿ ಇದು ಧೈರ್ಯದ ಕೆಲಸ. ಸಿದ್ಧಾಂತಿಯೊಬ್ಬನೊಡನೆ ಸಂವಾದವಾಗಿ ವಿಷಯವನ್ನು ನಿರೂಪಿಸಿದ್ದು ಅವರ ಲೋಕಜ್ಞತೆಗೆ ಸಾಕ್ಷಿ. ಪೂರ್ವಪಕ್ಷವನ್ನು ಗೌರವದಿಂದ ಎತ್ತಿ, ಬಳಿಕ ಸಮಾಧಾನ ಹೇಳುವ ಈ ಕ್ರಮಕ್ಕೆ ಪಂಡಿತವರ್ಗವು ಒಗ್ಗಿದೆ. ಸೂರ್ಯನೊಡನೆ ಕೂಡಿದ ಗ್ರಹಕ್ಕೆ ಅಸ್ತವೆಂದು ಹೆಸರಿಟ್ಟು ಅಲ್ಲಿಗೆ ಬಿಡುವುದು ಸಿದ್ಧಾಂತಗಳ ವಾಡಿಕೆ. ಅಸ್ತಂಗತನಾದ ಶುಕ್ರನನ್ನೇ ಹಗಲಿನಲ್ಲಿ ಸೂರ್ಯನ ಮುಖದ ಮೇಲೆ ತೋರಿಸಿಕೊಡುವೆನೆಂಬ ಮಾತು ಸಿದ್ಧಾಂತಿಗೆ ಎಷ್ಟು ವಿಚಿತ್ರವಾಗಿ ತೋರಿರಬೇಕು! ಆದರೂ ಶುಕ್ರಕಕ್ಷೆಯು ರವಿಕಕ್ಷೆಗಿಂತ ಕೆಳಗಿರುವುದೆಂದು ಸಿದ್ಧಾಂತಗಳೇ ಹೇಳುವುದರಿಂದ, ಕೆಳಗಿನದು ಮೇಲಿನದನ್ನು ಮರೆಮಾಡೀತೆಂಬುದನ್ನು ಸಿದ್ಧಾಂತಿಯು ಅಲ್ಲಗಳೆಯುವಂತಿರಲಿಲ್ಲ.

ಅದೇ ವರ್ಷ ಮದರಾಸಿನ ಪಚ್ಚೈಯಪ್ಪನವರ ಸಭಾಂಗಣದಲ್ಲಿ ಅವರು ಈ ವಿಷಯವಾಗಿ ಉಪನ್ಯಾಸವನ್ನೂ ಮಾಡಿದರು. ಶುಕ್ರನ ನೆಪದಿಂದ ಅವರು ಮುಂದಿಟ್ಟದ್ದು ಒಂದು ದೊಡ್ಡ ಪ್ರಾರ್ಥನೆಯನ್ನು: ರಾಜರೂ ಜಮೀನುದಾರರೂ ಧನವಂತರೂ ಕೂಡಿ ದೇಶೀಯರದೇ ಆದ ಒಂದು ವೇಧಶಾಲೆಯನ್ನು ಸ್ಥಾಪಿಸಬೇಕು, ಅಲ್ಲಿ ಸಿದ್ಧಾಂತವನ್ನು ಓದಿದ ತರುಣರಿಗೆ ಯಂತ್ರದ ಅಭ್ಯಾಸವನ್ನು ಕಲಿಸಬೇಕು, ಅವರು ಊರೂರುಗಳಲ್ಲಿ ಶುದ್ಧವಾದ ಪಂಚಾಂಗವನ್ನು ಮಾಡಬೇಕು. ಸರ್ಕಾರದ ವೇಧಶಾಲೆಯಲ್ಲಿ ಬದುಕನ್ನು ಸವೆಸಿದ ಮನುಷ್ಯನು ಜನರ ಕೈಯಲ್ಲಿರುವ ವೇಧಶಾಲೆಯನ್ನು ಬೇಡಿದ್ದು ಗಮನಿಸತಕ್ಕ ಸಂಗತಿ. ದೇವಾಲಯಕ್ಕೂ ಛತ್ರಕ್ಕೂ ಪಾಠಶಾಲೆಗೂ ಕೊಡುಗೈಯಾಗಿದ್ದ ನಾಡು ಇದಕ್ಕೆ ಕೈ ಬಿಚ್ಚಲಿಲ್ಲ. ಆ ವೇಧಶಾಲೆಯು ಏಳಲೇ ಇಲ್ಲ.

ಡಿಸೆಂಬರ್ 9ರಂದು ವಿಶಾಖಪಟ್ಟಣದಲ್ಲಿ ಅಂಕಿತಂ ವೆಂಕಟ ನರಸಿಂಗರಾಯರು ತಮ್ಮ ಸ್ವಂತ ವೇಧಶಾಲೆಯಿಂದ ಶುಕ್ರಸಂಕ್ರಮವನ್ನು ನೋಡಿದರು. ಉತ್ತರದಲ್ಲಿ ರೂರ್ಕಿಯಲ್ಲಿ ಇಂಗ್ಲಿಷರ ತಂಡವಿತ್ತು. ಬಂಗಾಳದ ಮದ್ದಾಪುರಕ್ಕೆ ಇಟಲಿಯವರು ಬಂದಿದ್ದರು. ಒಡಿಶಾದ ಕಾಡುಸೀಮೆಯಲ್ಲಿ ಆಧುನಿಕ ಯಂತ್ರಗಳ ಗಂಧವೇ ಇಲ್ಲದ ಸಾಮಂತ ಚಂದ್ರಶೇಖರರೂ ಈ ಯೋಗವನ್ನು ತಮ್ಮ ಸಿದ್ಧಾಂತದರ್ಪಣದಲ್ಲಿ ಸೇರಿಸಿದರು. ಆದರೆ ಕಲಿತದ್ದನ್ನು ಇಷ್ಟು ಭಾಷೆಗಳಲ್ಲಿ ಹಂಚಹೊರಟವರು ರಘುನಾಥಾಚಾರ್ಯರೇ.

ಆಮೇಲೆ ಅವರು ಬಹುಕಾಲ ಬಾಳಲಿಲ್ಲ. 1880ರ ಫೆಬ್ರವರಿ 5ರಂದು ದೇಹವನ್ನು ಬಿಟ್ಟರು. ಎರಡು ವರ್ಷಗಳ ತರುವಾಯ, 1882ರ ಡಿಸೆಂಬರ್ 6ರಂದು, ಜೋಡಿಯ ಎರಡನೆಯ ಸಂಕ್ರಮವು ನಡೆಯಿತು. ಅವರಿದ್ದರೂ ಅದನ್ನು ಮದರಾಸಿನಿಂದ ಕಾಣುವಂತಿರಲಿಲ್ಲ, ಅಲ್ಲಿ ಆಗ ಸೂರ್ಯನು ಮುಳುಗಿದ್ದನು. ಅವರ ದೃಗ್ಗಣಿತ ಪಂಚಾಂಗವನ್ನು ಮಗನು ಮುಂದುವರಿಸಿದನು. ತೀರದ ವಾದವು ಮಾತ್ರ ಉಳಿಯಿತು: ಇಂದಿಗೂ ದಕ್ಷಿಣದೇಶದಲ್ಲಿ ವಾಕ್ಯ ಪಂಚಾಂಗವನ್ನು ಹಿಡಿದವರೂ ದೃಗ್ಗಣಿತವನ್ನು ಹಿಡಿದವರೂ ಒಂದೇ ಹಬ್ಬವನ್ನು ಕೆಲವು ವರ್ಷ ಎರಡು ದಿನ ಆಚರಿಸುವುದುಂಟು. ಮದರಾಸಿನ ವೇಧಶಾಲೆಯ ಖಗೋಳ ಕಾರ್ಯವು 1899ರಲ್ಲಿ ಕೊಡೈಕನಾಲಿಗೆ ಹೋಯಿತು. ಅದರ ಉತ್ತರಾಧಿಕಾರಿಯಾದ ಭಾರತೀಯ ಖಭೌತ ಸಂಸ್ಥೆಗೆ ಈಗ ಬೆಂಗಳೂರು ನೆಲೆ.

ಶುಕ್ರನ ವಿಷಯದಲ್ಲಿ ಆಚಾರ್ಯರ ಕಾಲಕ್ಕೆ ಯಾರಿಗೂ ತಿಳಿಯದಿದ್ದ ಬಹಳ ಸಂಗತಿಗಳು ಬಳಿಕ ಹೊರಬಿದ್ದುವು. 1962ರಲ್ಲಿ ಅಮೆರಿಕದ ಮ್ಯಾರಿನರ್ 2 ಅವನ ಬಳಿ ಹಾದುಹೋಯಿತು. ಆ ನೌಕೆಯು ಕಳುಹಿಸಿದ ಮಾಹಿತಿಯಿಂದ ಸೌರಮಾರುತವನ್ನು ಅಭ್ಯಾಸ ಮಾಡಿದವರಲ್ಲಿ ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರೂ ಒಬ್ಬರು. 1970ರಲ್ಲಿ ರಷ್ಯದ ವೆನೆರಾ 7 ಅಲ್ಲಿಯ ನೆಲವನ್ನು ಮುಟ್ಟಿತು. ದೂರಕ್ಕೆ ಬೆಳ್ಳಿಯಂತೆ ತಣ್ಣಗೆ ಹೊಳೆಯುವ ಆ ಗೋಳದ ನೆಲದಲ್ಲಿ ಸೀಸವು ಕರಗುವಷ್ಟು, ಸುಮಾರು 465 ಡಿಗ್ರಿ ಸೆಲ್ಸಿಯಸ್, ಉಷ್ಣ. ಭೂಮಿಯ ತೊಂಬತ್ತು ಪಟ್ಟಿನಷ್ಟು ವಾಯುಭಾರ. ಮೇಲೆ ಗಂಧಕಾಮ್ಲದ ಮೋಡ. ಗಾತ್ರದಲ್ಲಿ ಭೂಮಿಯ ಒಡಹುಟ್ಟಿನಂತಿರುವ ಗ್ರಹಕ್ಕೆ ಈ ಗತಿ ಹೇಗೆ ಬಂದಿತೆಂಬುದೇ ಯೋಜಿತ ಭಾರತೀಯ ನೌಕೆಯ ಮುಖ್ಯ ಪ್ರಶ್ನೆಗಳಲ್ಲಿ ಒಂದು. ಅದು ಶುಕ್ರನನ್ನು ಪ್ರದಕ್ಷಿಣೆ ಮಾಡುತ್ತಾ, ಮೋಡವನ್ನು ಭೇದಿಸುವ ರೇಡಾರಿನಿಂದ ನೆಲದ ರೂಪವನ್ನು ಗುರುತಿಸಿ, ವಾಯುಮಂಡಲವನ್ನೂ ಪರೀಕ್ಷಿಸಬೇಕೆಂದು ಉದ್ದೇಶ.

ಆ ನೌಕೆಯ ಮುಹೂರ್ತವನ್ನು ಇಟ್ಟವನೂ ಶುಕ್ರನೇ. ಭೂಮಿಯಿಂದ ಅಲ್ಲಿಗೆ ಅಲ್ಪ ಇಂಧನದಲ್ಲಿ ಹೋಗುವ ಅವಕಾಶವು ಸುಮಾರು ಹತ್ತೊಂಬತ್ತು ತಿಂಗಳಿಗೊಮ್ಮೆ ಬರುತ್ತದೆ. ಇದು ಪಂಚಾಂಗದಲ್ಲಿ ವಕ್ರಶುಕ್ರನ ಮೌಢ್ಯವು ಮರಳಿ ಬರುವ ಅದೇ 584 ದಿನಗಳ ಚಕ್ರ. ಐದು ಚಕ್ರಗಳಿಗೆ ಎಂಟು ವರ್ಷ. 2012ರ ಜೂನ್ 6ರಂದು ಭಾರತದಲ್ಲಿ ಕಂಡ ಶುಕ್ರಸಂಕ್ರಮದಿಂದ ಎಣಿಸಿದರೆ 2020ರ ಜೂನ್ 3, ಬಳಿಕ 2028ರ ಜೂನ್ 1. ಆ ದಿನ ಶುಕ್ರನು ಬಿಂಬವನ್ನು ಮುಟ್ಟದೆ ಸೂರ್ಯನ ಪಕ್ಕದಲ್ಲಿ ಸರಿದುಹೋಗುವನು. ಬಿಂಬದ ಮೇಲೆ ಅವನನ್ನು ಮತ್ತೆ ಕಾಣುವುದು 2117ರ ಡಿಸೆಂಬರಿನಲ್ಲಿ. ಯೋಜನೆಯು ಗೊತ್ತಾದಂತೆ ನಡೆದರೆ, 2028ರ ಮಾರ್ಚಿನಲ್ಲಿ ಹೊರಟ ನೌಕೆಯು ಆ ಮೌಢ್ಯದ ದಿನಗಳಲ್ಲಿ ಇನ್ನೂ ದಾರಿಯ ನಡುವೆ ಇರುತ್ತದೆ.